ಪ್ರೋಗ್ರಾಮರುಗಳ ನಗೆಗೆ ಕಿವಿಗೊಡಬೇಕು

ತನ್ನ ಪ್ರಮಾದಗಳನ್ನು ಕುರಿತು ತಾನೇ ನಗುವ ಕಸುಬುಗಳು ಲೋಕದಲ್ಲಿ ಬಹಳ ಇಲ್ಲ. ವಕೀಲರು ಹೇಳಿಕೊಳ್ಳುವ ವಿನೋದಪ್ರಸಂಗಗಳಲ್ಲಿ ನಗೆಗೆ ಈಡಾಗುವವನು ಸಾಮಾನ್ಯವಾಗಿ ಕಕ್ಷಿಗಾರ. ವೈದ್ಯರ ಪ್ರಸಂಗಗಳಲ್ಲಿ ರೋಗಿ. ಉಪಾಧ್ಯಾಯರ ಪ್ರಸಂಗಗಳಲ್ಲಿ ಉತ್ತರಪತ್ರಿಕೆಯ ತುಂಬ ಅಸಂಬದ್ಧವನ್ನು ಬರೆದಿಟ್ಟ ವಿದ್ಯಾರ್ಥಿ. ಆದರೆ ಗಣಕಯಂತ್ರಕ್ಕೆ ಪ್ರೋಗ್ರಾಮು ಬರೆಯುವವರು ನಾಲ್ವರು ಒಂದೆಡೆ ನಿಂತು ಚಹಾ ಕುಡಿಯುವಾಗ ಹೊರಡುವ ನಗೆಯ ವಿಷಯ ಬಹುಮಟ್ಟಿಗೆ ಅವರವರ ತಪ್ಪೇ ಆಗಿರುತ್ತದೆ: ಹಗಲೆಲ್ಲ ಹುಡುಕಿದ ದೋಷವು ಕಡೆಗೆ ಒಂದು ಅರ್ಧವಿರಾಮ ಚಿಹ್ನೆಯ ಲೋಪವೆಂದು ತಿಳಿದದ್ದು, ಈ ಸಾಲುಗಳನ್ನು ಬರೆದ ಅವಿವೇಕಿ ಯಾರೆಂದು ಕೋಪದಿಂದ ದಾಖಲೆ ತೆಗೆದು ನೋಡಿದರೆ ಅಲ್ಲಿ ತನ್ನದೇ ಹೆಸರು ಇದ್ದದ್ದು, ಒಂದು ದೋಷವನ್ನು ತಿದ್ದಿ ನೆಮ್ಮದಿಯಿಂದ ಮನೆಗೆ ಹೋದ ರಾತ್ರಿ ಆ ತಿದ್ದುಪಡಿಯಿಂದಲೇ ಹೊಸ ದೋಷಗಳು ಹುಟ್ಟಿಕೊಂಡದ್ದು. ನಮ್ಮ ಮನೆಗಳ ಮಕ್ಕಳು, ಸೊಸೆಯಂದಿರು, ಅಳಿಯಂದಿರು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಈ ಕಸುಬನ್ನು ಹಿಡಿದಿರುವ ಬೆಂಗಳೂರಿನಲ್ಲಿ ದಿನವೂ ಕೇಳಿಬರುವ ಈ ನಗೆಯನ್ನು ಹೊರಗಿನವರು ಕಸುಬಿನವರ ಒಳಮಾತೆಂದು ಭಾವಿಸಿ ಕಿವಿಗೆ ಹಾಕಿಕೊಳ್ಳದೆ ಹೋಗುತ್ತಾರೆ. ಹಾಗೆ ಹೋಗಬಾರದೆಂದು ನಾನು ದೃಢವಾಗಿ ನಂಬಿದ್ದೇನೆ. ಯಂತ್ರಗಳಿಗೆ ವಿಧಿಗಳನ್ನು ಬರೆದು ಕೊಡುವವರೇ ಅವುಗಳ ನಂಬಿಕೆಯ ಮೇರೆಯನ್ನು ಕುರಿತು ಕೊಡುತ್ತಿರುವ ಸಾಕ್ಷ್ಯ ಆ ನಗೆಯೊಳಗಿದೆ. ಬ್ಯಾಂಕು, ಕಚೇರಿ, ಕಾಲೇಜು, ನ್ಯಾಯಾಲಯಗಳು ಆ ಸಾಕ್ಷ್ಯವನ್ನು ಕೇಳದೆ ಹೋದಾಗ ನಿರಪರಾಧಿಗಳು ಕಷ್ಟಕ್ಕೆ ಸಿಕ್ಕಿದ್ದಾರೆ.

ಈ ಕಸುಬಿನ ಸಂಕಟಗಳಿಗೆಲ್ಲ ಮೂಲ ಯಂತ್ರದ ವಿಧೇಯತೆ. ಅಂಗಡಿಯಿಂದ ಒಂದು ಲೀಟರ್ ಹಾಲು ತನ್ನಿ, ಮೊಟ್ಟೆ ಇದ್ದರೆ ಹನ್ನೆರಡು ತನ್ನಿ ಎಂದು ಹೆಂಡತಿ ಹೇಳಿದಳೆಂದೂ, ಪ್ರೋಗ್ರಾಮರನಾದ ಗಂಡನು ಅಂಗಡಿಯಲ್ಲಿ ಮೊಟ್ಟೆ ಇರುವುದನ್ನು ಕಂಡು ಹನ್ನೆರಡು ಲೀಟರ್ ಹಾಲನ್ನು ಹೊತ್ತು ತಂದನೆಂದೂ ಆ ವಲಯದಲ್ಲಿ ಬಹಳ ಹಳೆಯದಾದ ಕಥೆಯೊಂದುಂಟು. ಮನುಷ್ಯನು ಮನುಷ್ಯನಿಗೆ ಹೇಳುವ ಮಾತಿನಲ್ಲಿ ಹೇಳದೆ ಬಿಟ್ಟದ್ದೇ ಹೆಚ್ಚು. ಕೇಳುವವನು ತನ್ನ ಲೋಕಾನುಭವದಿಂದಲೂ, ಹೇಳಿದವರ ಸ್ವಭಾವದ ಪರಿಚಯದಿಂದಲೂ ಆ ಬಿಟ್ಟ ಸ್ಥಳಗಳನ್ನು ತಾನೇ ತುಂಬಿಕೊಳ್ಳುತ್ತಾನೆ. ಯಂತ್ರವು ಏನನ್ನೂ ತುಂಬಿಕೊಳ್ಳುವುದಿಲ್ಲ. ಆದುದರಿಂದ ಹೇಳದೆ ಉಳಿಯಬಹುದಾದುದನ್ನೆಲ್ಲ ಮುಂಗಂಡು ಹೇಳಬೇಕಾದ ಹೊಣೆ ಪ್ರೋಗ್ರಾಮರನ ತಲೆಯ ಮೇಲೆ ಬೀಳುತ್ತದೆ: ಖಾತೆಯ ಶಿಲ್ಕು ಸೊನ್ನೆಯಾದರೆ ಏನು ಮಾಡತಕ್ಕದ್ದು, ಅರ್ಜಿದಾರನು ತಂದೆಯ ಹೆಸರಿನ ಜಾಗವನ್ನು ಖಾಲಿ ಬಿಟ್ಟರೆ ಏನು ಮಾಡತಕ್ಕದ್ದು, ಒಂದೇ ಕ್ಷಣದಲ್ಲಿ ಇಬ್ಬರು ಒಂದೇ ಬಸ್ಸಿನ ಒಂದೇ ಸೀಟನ್ನು ಕಾದಿರಿಸಿದರೆ ಯಾರಿಗೆ ಕೊಡತಕ್ಕದ್ದು, ಫೆಬ್ರವರಿ 29ರಂದು ಹುಟ್ಟಿದವನಿಗೆ ಸಾಮಾನ್ಯ ವರ್ಷದಲ್ಲಿ ವಯಸ್ಸು ತುಂಬುವುದು ಯಾವ ದಿನ ಎಂದು ಎಣಿಸತಕ್ಕದ್ದು. ಇಂಥ ಪ್ರಶ್ನೆಗಳು ಸಾವಿರ ಇರುತ್ತವೆ. ಅವುಗಳಲ್ಲಿ ಒಂದನ್ನು ಮರೆತರೂ ಯಂತ್ರವು ಆ ಮರೆವನ್ನು ನಿಷ್ಠೆಯಿಂದ ನೆರವೇರಿಸುತ್ತದೆ.

ಬರೆದದ್ದನ್ನು ಯಂತ್ರವು ಒಪ್ಪಿಕೊಳ್ಳುವಂತೆ ಮಾಡುವುದೇ ಇನ್ನೊಂದು ಸಾಹಸ. 1972ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ಡಾನ್ ವುಡ್ಸ್, ಜೇಮ್ಸ್ ಲಯನ್ ಎಂಬಿಬ್ಬರು ತರುಣರು ಇಂಟರ್‌ಕಾಲ್ ಎಂಬ ಹೆಸರಿನ ಪ್ರೋಗ್ರಾಮಿಂಗ್ ಭಾಷೆಯೊಂದನ್ನು ರಚಿಸಿ, ಅದರಲ್ಲಿ ಬರೆಯುವವನು ದೈನ್ಯದ ಪದವೊಂದನ್ನು ಸಾಕಷ್ಟು ಸಲ ಸೇರಿಸದಿದ್ದರೆ ಅವಿನಯಕ್ಕಾಗಿಯೂ, ಮಿತಿಮೀರಿ ಸೇರಿಸಿದರೆ ಅತಿವಿನಯಕ್ಕಾಗಿಯೂ ಅವನ ಪ್ರೋಗ್ರಾಮನ್ನು ತಿರಸ್ಕರಿಸುವಂತೆ ನಿಯಮವಿಟ್ಟರು. ವಿನೋದಕ್ಕಾಗಿ ಹುಟ್ಟಿದ ಆ ಭಾಷೆ ಅರ್ಧ ಶತಮಾನದ ತರುವಾಯವೂ ಮರೆತುಹೋಗದೆ ಇರುವುದಕ್ಕೆ ಕಾರಣವಿದೆ. ಕಾರಣವನ್ನು ಬಿಡಿಸಿ ಹೇಳದ ಯಂತ್ರದ ಮುಂದೆ ಕುಳಿತು, ತಾನು ಮಾಡಿದ ಅಪಚಾರವಾದರೂ ಏನೆಂದು ಊಹಿಸುತ್ತ ರಾತ್ರಿ ಕಳೆದವರೆಲ್ಲರೂ ಅದರಲ್ಲಿ ತಮ್ಮ ಅನುಭವವನ್ನು ಗುರುತಿಸಿಕೊಂಡರು.

ಇದು ಹೊಸಬರ ಪಾಡು, ಪಳಗಿದವರಿಗೆ ಇಲ್ಲವೆಂದು ತಿಳಿಯಬಾರದು. 1949ರಲ್ಲಿ ಕೇಂಬ್ರಿಜ್ಜಿನಲ್ಲಿ ಎಡ್ಸಾಕ್ ಎಂಬ ಗಣಕಯಂತ್ರವನ್ನು ಕಟ್ಟಿ ನಡೆಸಿದ ಮಾರಿಸ್ ವಿಲ್ಕ್ಸ್, ತಮ್ಮ ಮೊದಲ ಪ್ರೋಗ್ರಾಮುಗಳಲ್ಲೊಂದನ್ನು ಸರಿಪಡಿಸುವ ಪ್ರಯತ್ನದಲ್ಲಿ ಯಂತ್ರದ ಕೋಣೆಗೂ ಕಾಗದದ ಪಟ್ಟಿಗೆ ರಂಧ್ರ ಹೊಡೆಯುವ ಸ್ಥಳಕ್ಕೂ ನಡುವೆ ಮೆಟ್ಟಿಲು ಹತ್ತಿ ಇಳಿಯುತ್ತಿದ್ದಾಗ, ತಮ್ಮ ಉಳಿದ ಆಯುಷ್ಯದ ಒಂದು ದೊಡ್ಡ ಭಾಗವು ತಮ್ಮವೇ ಪ್ರೋಗ್ರಾಮುಗಳ ತಪ್ಪು ಹುಡುಕುವುದರಲ್ಲಿ ವ್ಯಯವಾಗಲಿದೆ ಎಂಬ ಅರಿವು ಒಮ್ಮೆಲೇ ಮೂಡಿತೆಂದು ಆತ್ಮಕಥೆಯಲ್ಲಿ ಬರೆದಿದ್ದಾರೆ. ಅದಕ್ಕೂ ಮುಂಚೆ, ಅಂಥ ಯಂತ್ರವೇ ಇಲ್ಲದಿದ್ದ 1936ರಲ್ಲಿ, ಅಲನ್ ಟ್ಯೂರಿಂಗ್ ಎಂಬ ಗಣಿತಜ್ಞರ ಪ್ರಬಂಧವೊಂದು ಒಂದು ಮೇರೆಯನ್ನು ಗೆರೆ ಎಳೆದು ತೋರಿಸಿತ್ತು: ಯಾವುದೇ ಪ್ರೋಗ್ರಾಮನ್ನು ಕೊಟ್ಟರೂ ಅದು ಎಂದಾದರೂ ಮುಗಿದು ನಿಲ್ಲುವುದೇ ಅಥವಾ ಕೊನೆಯಿಲ್ಲದೆ ಸುತ್ತುತ್ತಲೇ ಇರುವುದೇ ಎಂದು ತಪ್ಪದೆ ಹೇಳಬಲ್ಲ ಸಾರ್ವತ್ರಿಕ ವಿಧಾನವು ಇರಲಾರದೆಂಬುದೇ ಆ ಮೇರೆ. ಹಾಲೆಂಡಿನ ಎಡ್ಸ್‌ಗರ್ ಡೈಕ್‌ಸ್ಟ್ರಾ ಅವರು ಪರೀಕ್ಷೆಯಿಂದ ದೋಷವಿರುವುದನ್ನು ತೋರಿಸಬಹುದೇ ಹೊರತು ದೋಷವಿಲ್ಲವೆಂಬುದನ್ನು ತೋರಿಸಲಾಗದೆಂದು ಪದೇ ಪದೇ ಎಚ್ಚರಿಸಿದರು. 1972ರಲ್ಲಿ ಟ್ಯೂರಿಂಗ್ ಪ್ರಶಸ್ತಿಯನ್ನು ಸ್ವೀಕರಿಸಿ ಮಾಡಿದ ಉಪನ್ಯಾಸಕ್ಕೆ ಅವರು ವಿನಯವಂತ ಪ್ರೋಗ್ರಾಮರ್ ಎಂಬ ಅರ್ಥದ ಶೀರ್ಷಿಕೆ ಕೊಟ್ಟರು. ಈ ವಿದ್ಯೆಯ ಆದಿಪುರುಷರು ಹೀಗೆ ಮೊದಲಿನಿಂದಲೂ ವಿನಯವನ್ನೇ ಬೋಧಿಸಿದ್ದಾರೆ. ಚಹಾದಂಗಡಿಯ ನಗೆಯು ಅದೇ ಬೋಧೆಯ ಲೋಕರೂಢಿ.

ಆ ನಗೆಯ ಮಾತುಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದು ‘ನನ್ನ ಯಂತ್ರದಲ್ಲಿ ಸರಿಯಾಗಿಯೇ ನಡೆಯುತ್ತಿದೆ’ ಎಂಬುದು. ಬಳಕೆದಾರನು ದೂರು ಕೊಡುತ್ತಾನೆ. ಬರೆದವನು ತನ್ನಲ್ಲಿ ನಡೆಸಿ ನೋಡಿ ದೋಷ ಕಾಣದೆ ಹಾಗೆನ್ನುತ್ತಾನೆ. ನೋಡಲು ಹೊರಟ ಕೂಡಲೆ ಮಾಯವಾಗುವ ದೋಷಗಳಿಗೆ ಭೌತವಿಜ್ಞಾನಿ ಹೈಸೆನ್‌ಬರ್ಗರ ಹೆಸರನ್ನು ಸೇರಿಸಿ ‘ಹೈಸೆನ್‌ಬಗ್’ ಎಂದು ಅವರು ನಾಮಕರಣವನ್ನೂ ಮಾಡಿದ್ದಾರೆ. ಕೇಳುವುದಕ್ಕೆ ವಿನೋದ, ಆದರೆ ಈ ವಿನೋದದ ಹಿಂದೆ ಇರುವ ಸಂಗತಿ ಎಷ್ಟು ಘೋರವಾಗಬಹುದೆಂಬುದನ್ನು 1985ರಿಂದ 1987ರ ವರೆಗೆ ಉತ್ತರ ಅಮೆರಿಕದ ಆಸ್ಪತ್ರೆಗಳಲ್ಲಿ ನಡೆದ ದುರಂತದಲ್ಲಿ ಕಾಣಬೇಕು. ಥೆರಾಕ್-25 ಎಂಬ, ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಕೊಡುವ ಕೆನಡಾದ ಯಂತ್ರವು ಆರು ಸಂದರ್ಭಗಳಲ್ಲಿ ರೋಗಿಗಳಿಗೆ ವಿಪರೀತ ಪ್ರಮಾಣದ ವಿಕಿರಣವನ್ನು ಹಾಯಿಸಿತು; ಕಡಿಮೆಯೆಂದರೂ ಮೂವರು ಅದರಿಂದ ಸತ್ತರು. ತಯಾರಕರು ಇಂಥದು ಸಂಭವಿಸಲು ಸಾಧ್ಯವೇ ಇಲ್ಲವೆಂದರು. 1986ರಲ್ಲಿ ಟೆಕ್ಸಸ್ಸಿನ ಟೈಲರ್ ಎಂಬ ಊರಿನ ಆಸ್ಪತ್ರೆಯಲ್ಲಿ ಯಂತ್ರ ನಡೆಸುತ್ತಿದ್ದ ಆಪರೇಟರೂ ಅಲ್ಲಿನ ಭೌತವಿಜ್ಞಾನಿಯೂ ಕುಳಿತು, ಅಪಘಾತದ ದಿನ ಕೀಲಿಮಣೆಯ ಮೇಲೆ ಏನೇನು ಒತ್ತಲಾಯಿತೆಂಬುದನ್ನು ಜ್ಞಾಪಿಸಿಕೊಂಡು ಮರಳಿ ಮರಳಿ ಒತ್ತಿ ನೋಡಿ, ಕಡೆಗೆ ರಹಸ್ಯವನ್ನು ಭೇದಿಸಿದರು. ಕೆಲಸದಲ್ಲಿ ನುರಿತ ಆಪರೇಟರು ತಪ್ಪಾಗಿ ಒತ್ತಿದ ಒಂದು ಅಕ್ಷರವನ್ನು ಸುಮಾರು ಎಂಟು ಸೆಕೆಂಡಿನ ಒಳಗೆ ತಿದ್ದಿಬಿಟ್ಟರೆ ಆ ತಿದ್ದುಪಡಿ ಪರದೆಯ ಮೇಲೆ ಕಾಣುತ್ತಿತ್ತು, ಯಂತ್ರದ ಒಳಗೆ ಪೂರ್ತಿಯಾಗಿ ಇಳಿಯುತ್ತಿರಲಿಲ್ಲ. ನಿಧಾನವಾಗಿ ಒತ್ತಿ ಪರೀಕ್ಷಿಸಿದವರಿಗೆ ಆ ದೋಷ ಎಂದೂ ಕಾಣುವಂತಿರಲಿಲ್ಲ. ಹಿಂದಿನ ಮಾದರಿಯಾದ ಥೆರಾಕ್-20ರಲ್ಲಿಯೂ ಅದೇ ದೋಷವಿತ್ತು. ಆದರೆ ಅಲ್ಲಿ ಅಪಾಯವನ್ನು ತಡೆಯುವ ವಿದ್ಯುತ್ ಕಟ್ಟುಗಳು ಪ್ರತ್ಯೇಕವಾಗಿದ್ದುದರಿಂದ ಯಾರಿಗೂ ಕೇಡಾಗಿರಲಿಲ್ಲ. ಹೊಸ ಮಾದರಿಯಲ್ಲಿ ಆ ಕಟ್ಟುಗಳನ್ನು ತೆಗೆದು ಹಾಕಿ ಭಾರವನ್ನೆಲ್ಲ ಸಾಫ್ಟ್‌ವೇರಿನ ಮೇಲೆ ಹೊರಿಸಿದ್ದರು. ದೂರು ಕೊಟ್ಟವರ ಮಾತನ್ನು ನಂಬಿ ಅವರ ಪಕ್ಕದಲ್ಲಿ ಕುಳಿತು ನೋಡುವುದು ಈ ಕಸುಬಿನ ಅತಿ ದೊಡ್ಡ ವಿಧಾನವೆಂದು ನನಗೆ ಮನವರಿಕೆ ಮಾಡಿಕೊಟ್ಟದ್ದು ಟೈಲರಿನ ಆ ಇಬ್ಬರ ಕಥೆ.

‘ನಡೆಯುತ್ತಿದ್ದರೆ ಮುಟ್ಟಬೇಡ’ ಎಂಬುದು ಇನ್ನೊಂದು ನಾಣ್ಣುಡಿ. ಅದರಲ್ಲಿ ವಿವೇಕವಿದೆ, ವಿವೇಕಕ್ಕೂ ಮಿತಿಯಿದೆ. 1996ರ ಜೂನ್ 4ರಂದು ಫ್ರೆಂಚ್ ಗಯಾನಾದಿಂದ ಮೊದಲ ಬಾರಿಗೆ ಹಾರಿದ ಏರಿಯಾನ್-5 ರಾಕೆಟ್ ಒಂದು ನಿಮಿಷವೂ ತುಂಬುವ ಮೊದಲೇ ಛಿದ್ರವಾಯಿತು. ಹಿಂದಿನ ಏರಿಯಾನ್-4ರಲ್ಲಿ ಚೆನ್ನಾಗಿ ನಡೆದಿದ್ದ ಕೋಡನ್ನು ಮುಟ್ಟದೆ ಹಾಗೆಯೇ ಹೊಸದಕ್ಕೂ ತಂದಿದ್ದರು. ಹೊಸ ರಾಕೆಟ್ಟಿನ ವೇಗ ಹೆಚ್ಚಿನದು. 64 ಬಿಟ್‌ಗಳ ಒಂದು ಸಂಖ್ಯೆಯನ್ನು 16 ಬಿಟ್‌ಗಳ ಜಾಗದಲ್ಲಿ ಇಡಲು ಹೋದಾಗ ಅದು ಹಿಡಿಸಲಿಲ್ಲ. ಮಾರ್ಗದರ್ಶನದ ಗಣಕವು ಕೆಲಸ ನಿಲ್ಲಿಸಿತು. ಅದಕ್ಕೆ ಬದಲಿಯಾಗಿ ಇಟ್ಟಿದ್ದ ಗಣಕವೂ ಅದೇ ಕೋಡನ್ನು ಓದುತ್ತಿದ್ದುದರಿಂದ ಅದೇ ಕಾರಣಕ್ಕೆ ನಿಂತುಹೋಗಿತ್ತು. ಆ ಲೆಕ್ಕವಾದರೋ ಏರಿಯಾನ್-5 ನೆಲ ಬಿಟ್ಟ ಮೇಲೆ ಬೇಕಾದದ್ದೇ ಅಲ್ಲ.

ಕನ್ನಡಿಗರಿಗೆ ಈ ಸಂಕಟದಲ್ಲಿ ಪ್ರತ್ಯೇಕವಾದ ಒಂದು ಪಾಲಿದೆ. ಅದನ್ನು ಹೇಳದೆ ಮುಂದೆ ಹೋಗಲಾರೆ. ‘ಸ್ತ್ರೀ’ ಎಂದು ಬರೆದರೆ ನಮ್ಮ ಕಣ್ಣಿಗೂ ಕಿವಿಗೂ ಅದು ಒಂದೇ ಅಕ್ಷರ. ಯುನಿಕೋಡಿನ ಪ್ರಕಾರ ಯಂತ್ರದೊಳಗೆ ಅದು ಆರು ಸಂಕೇತಗಳ ಸಾಲು: ಸಕಾರ, ವಿರಾಮ (ಎಂದರೆ ಹಲಂತದ ಚಿಹ್ನೆ), ತಕಾರ, ಮತ್ತೆ ವಿರಾಮ, ರಕಾರ, ಕಡೆಗೆ ದೀರ್ಘ ಈಕಾರದ ಗುಣಿತಚಿಹ್ನೆ. ಒಂದು ಅಕ್ಷರಕ್ಕೆ ಒಂದು ಸಂಕೇತವೆಂಬ ರೋಮನ್ ಲಿಪಿಯ ಅಭ್ಯಾಸದಲ್ಲಿ ಬೆಳೆದ ಪ್ರೋಗ್ರಾಮರನು ಹೆಸರಿಗೆ ಇಪ್ಪತ್ತು ಸಂಕೇತಗಳಷ್ಟು ಜಾಗ ಸಾಕೆಂದು ಗೊತ್ತುಮಾಡಿದರೆ ನಮ್ಮ ಹೆಸರುಗಳು ನಡುವೆ ತುಂಡಾಗಿ, ಕೊನೆಯಲ್ಲಿ ಅನಾಥವಾದ ವಿರಾಮವೊಂದು ಉಳಿಯುತ್ತದೆ. ‘ಸೂರ್ಯ’ ಎಂಬಲ್ಲಿ ಮೊದಲು ಉಚ್ಚರಿಸುವ ರೇಫವು ಬರವಣಿಗೆಯಲ್ಲಿ ಯಕಾರದ ಆಚೆಗೆ ಅರ್ಕಾವೊತ್ತಾಗಿ ನಿಲ್ಲುತ್ತದೆ. ಕನ್ನಡ ಬಾರದವನು ಆ ಸ್ಥಾನಪಲ್ಲಟವನ್ನು ದೋಷವೆಂದು ತಿಳಿದು ‘ಸರಿಪಡಿಸಲು’ ಹೋದರೆ ಭಾಷೆಯೇ ಕೆಡುತ್ತದೆ. ಯುನಿಕೋಡ್ ಬಳಕೆಗೆ ಬರುವ ಮೊದಲು ಒಂದು ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ ಕನ್ನಡದ ಕಡತವನ್ನು ಆ ಫಾಂಟಿಲ್ಲದ ಇನ್ನೊಂದು ಯಂತ್ರದಲ್ಲಿ ತೆರೆದಾಗ ಪರದೆಯ ತುಂಬ ಅರ್ಥವಿಲ್ಲದ ರೋಮನ್ ಚಿಹ್ನೆಗಳು ಹರಡಿಕೊಳ್ಳುತ್ತಿದ್ದುದನ್ನು ನಮ್ಮ ಪತ್ರಿಕಾಲಯಗಳಲ್ಲಿಯೂ ಸರ್ಕಾರಿ ಕಚೇರಿಗಳಲ್ಲಿಯೂ ದುಡಿದ ಯಾರೂ ಮರೆತಿರಲಾರರು. ಅಂಥ ಕಾಲದಲ್ಲಿ ಕೆ. ಪಿ. ರಾವ್ ಅವರು ಉಚ್ಚಾರಣೆಯ ಕ್ರಮದಲ್ಲಿಯೇ ಕನ್ನಡವನ್ನು ಒತ್ತಬಹುದಾದ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದರು; ಕನ್ನಡ ಗಣಕ ಪರಿಷತ್ತು ‘ನುಡಿ’ ತಂತ್ರಾಂಶವನ್ನು ಕಟ್ಟಿತು. ಇವರೆಲ್ಲರ ಶ್ರಮದ ಬಹುಭಾಗ ಸಂಕೇತ, ವಿರಾಮ, ಒತ್ತುಗಳ ನಡುವಿನ ದೋಷ ಹುಡುಕುವುದರಲ್ಲಿಯೇ ಕಳೆದಿರಬೇಕು. ನೆರೆಯ ತೆಲುಗರ ಅನುಭವವೂ ಇದರಿಂದ ದೂರದ್ದಲ್ಲ. 2018ರ ಫೆಬ್ರವರಿಯಲ್ಲಿ ‘ಜ್ಞಾ’ ಎಂಬುದರ ತೆಲುಗು ರೂಪವು ಸಂದೇಶವಾಗಿ ಬಂದರೆ ಸಾಕು, ಐಫೋನಿನಲ್ಲಿ ಆ ಸಂದೇಶವನ್ನು ತೋರಿಸಬೇಕಾದ ಆ್ಯಪ್ ಕುಸಿದುಬೀಳುತ್ತಿತ್ತು. ಕಂಪನಿಯು ಅದೇ ತಿಂಗಳಲ್ಲಿ ತಿದ್ದುಪಡಿಯನ್ನು ಹೊರಡಿಸಬೇಕಾಯಿತು. ಕೋಟ್ಯಂತರ ಜನ ದಿನವೂ ಬರೆಯುವ ಲಿಪಿಯೊಂದನ್ನು ಪರೀಕ್ಷೆಯ ಪಟ್ಟಿಯಲ್ಲಿ ಕಡೆಯದಾಗಿ ಇಟ್ಟರೆ ಆಗುವುದು ಹೀಗೆ.

ಇನ್ನು ಕಾಲದ ವಿಷಯ. ಬೆಲ್ ಪ್ರಯೋಗಾಲಯದ ಟಾಮ್ ಕಾರ್ಗಿಲ್ ಹೇಳಿದ್ದೆಂದು ಈ ಕಸುಬಿನವರು ಒಂದು ಲೆಕ್ಕವನ್ನು ನೆನೆಯುತ್ತಾರೆ: ಪ್ರೋಗ್ರಾಮಿನ ಮೊದಲ ತೊಂಬತ್ತು ಪಾಲನ್ನು ಬರೆಯಲು ಗೊತ್ತಾದ ಅವಧಿಯ ತೊಂಬತ್ತು ಪಾಲು ಹಿಡಿಯುತ್ತದೆ, ಉಳಿದ ಹತ್ತು ಪಾಲಿಗೆ ಇನ್ನೊಂದು ತೊಂಬತ್ತು ಪಾಲು ಹಿಡಿಯುತ್ತದೆ. ಐಬಿಎಂ ಸಂಸ್ಥೆಯ ಒಎಸ್/360 ಎಂಬ ಬೃಹತ್ ಸಾಫ್ಟ್‌ವೇರಿನ ನಿರ್ಮಾಣವನ್ನು ನಡೆಸಿದ ಫ್ರೆಡರಿಕ್ ಬ್ರೂಕ್ಸ್ 1975ರಲ್ಲಿ ಬರೆದ ಗ್ರಂಥದಲ್ಲಿ, ತಡವಾಗಿರುವ ಯೋಜನೆಗೆ ಇನ್ನಷ್ಟು ಜನರನ್ನು ಸೇರಿಸಿದರೆ ಅದು ಇನ್ನಷ್ಟು ತಡವಾಗುವುದೆಂಬ ನಿಯಮವನ್ನು ಪ್ರತಿಪಾದಿಸಿದರು. ಹೊಸಬರಿಗೆ ಕಲಿಸಲು ಹಳಬರ ಹೊತ್ತು ಹೋಗುತ್ತದೆ, ಒಬ್ಬರಿಗೊಬ್ಬರು ತಿಳಿಸಿ ಒಪ್ಪಿಸಬೇಕಾದ ಸಂಗತಿಗಳು ತಲೆಗಳ ಸಂಖ್ಯೆಗಿಂತ ವೇಗವಾಗಿ ಬೆಳೆಯುತ್ತವೆ ಎಂಬುದು ಅವರ ಕಾರಣ. ಈ ಎರಡು ಮಾತುಗಳನ್ನು ಅರಿಯದ ಮ್ಯಾನೇಜರು ಬೆಂಗಳೂರಿನಲ್ಲಿ ಸಿಕ್ಕುವುದು ಕಷ್ಟ. ಆದರೂ ದೋಷ ಹುಡುಕುವುದಕ್ಕೆಂದು ಪ್ರತ್ಯೇಕವಾಗಿ ಕಾಲವನ್ನು ಮೀಸಲಿಡದೆ ಕೊನೆಯ ದಿನಾಂಕವನ್ನು ಗೊತ್ತುಮಾಡುವುದು ನಿಂತಿಲ್ಲ; ತಿಂಗಳುಗಟ್ಟಲೆ ಮಧ್ಯರಾತ್ರಿಯವರೆಗೆ ಕುಳಿತು ಕಣ್ಣು ಬೆನ್ನುಗಳನ್ನು ಕೆಡಿಸಿಕೊಳ್ಳುವ ತರುಣ ತರುಣಿಯರು ಆ ದಿನಾಂಕದ ಬೆಲೆಯನ್ನು ತೆರುತ್ತಿದ್ದಾರೆ. ದೋಷಶೋಧನೆಯನ್ನು ಬರೆದವನ ಅಸಾಮರ್ಥ್ಯದ ದಂಡವೆಂದು ಎಣಿಸುವುದು ಅನ್ಯಾಯ. ಬರೆಯುವುದು ಎಷ್ಟು ಈ ವಿದ್ಯೆಯ ಅಂಗವೋ ಹುಡುಕುವುದೂ ಅಷ್ಟೇ ಅಂಗ. ಸಂಬಳ, ಬಡ್ತಿ, ವೇಳಾಪಟ್ಟಿಗಳು ಅದನ್ನು ಹಾಗೆಯೇ ಗಣಿಸಬೇಕು.

ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯದ ರೆಕಾರ್ಡ್ ಪುಸ್ತಕವನ್ನು ತೆರೆದು ನೋಡಿದರೆ ಈ ಅನ್ಯಾಯದ ಬೀಜ ಎಲ್ಲಿ ಬಿದ್ದಿತೆಂಬುದು ತಿಳಿಯುತ್ತದೆ. ಒಂದು ಪುಟದಲ್ಲಿ ಅಂದವಾಗಿ ನಕಲು ಮಾಡಿದ ಪ್ರೋಗ್ರಾಮು, ಎದುರಿನ ಪುಟದಲ್ಲಿ ಅದರ ಔಟ್‌ಪುಟ್, ಕೆಳಗೆ ಅಧ್ಯಾಪಕರ ಸಹಿ. ಪ್ರೋಗ್ರಾಮು ಮೊದಲು ನಡೆಯಲಿಲ್ಲವೆಂಬುದಕ್ಕಾಗಲಿ, ಏಕೆ ನಡೆಯಲಿಲ್ಲವೆಂಬುದನ್ನು ವಿದ್ಯಾರ್ಥಿಯು ಹೇಗೆ ಕಂಡುಕೊಂಡನೆಂಬುದಕ್ಕಾಗಲಿ ಅಲ್ಲಿ ಜಾಗವಿಲ್ಲ. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡಿನ ಮಾರ್ಕ್ 2 ಎಂಬ ಯಂತ್ರದ ರಿಲೇಯೊಳಗೆ ಪತಂಗವೊಂದು ಸಿಕ್ಕಿಬಿದ್ದು ಲೆಕ್ಕ ಕೆಟ್ಟಾಗ ಅಲ್ಲಿದ್ದವರು ಆ ಪತಂಗವನ್ನು ದಿನಚರಿಯ ಪುಸ್ತಕಕ್ಕೆ ಅಂಟಿಸಿ, ಹೊತ್ತನ್ನೂ ಬರೆದು, ಪಕ್ಕದಲ್ಲಿ ಒಂದು ವಿನೋದದ ಸಾಲನ್ನು ಸೇರಿಸಿದರು. ಆ ಪುಟ ಇಂದು ಅಮೆರಿಕದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಸ್ಟ್ಯಾನ್‌ಫರ್ಡಿನ ಡೊನಾಲ್ಡ್ ಕನೂತ್ ಅವರು ತಮ್ಮ ಟೆಕ್ ಎಂಬ ಮುದ್ರಣದ ಸಾಫ್ಟ್‌ವೇರಿನಲ್ಲಿ ತಾವು ಮಾಡಿದ ತಪ್ಪುಗಳನ್ನೆಲ್ಲ ವರ್ಷಗಟ್ಟಲೆ ಒಂದೊಂದಾಗಿ ದಾಖಲಿಸಿ, ವರ್ಗೀಕರಿಸಿ, 1989ರಲ್ಲಿ ಲೋಕದ ಮುಂದಿಟ್ಟರು. ತಮ್ಮ ಗ್ರಂಥಗಳಲ್ಲಿ ತಪ್ಪನ್ನು ತೋರಿಸಿಕೊಟ್ಟವರಿಗೆ ಅವರು ಕೊಡುವ ಬಹುಮಾನ ಎರಡು ಡಾಲರ್ ಐವತ್ತಾರು ಸೆಂಟು. 256 ಎಂಬುದು ಯಂತ್ರದ ಲೆಕ್ಕದಲ್ಲಿ ದುಂಡು ಸಂಖ್ಯೆ. ಟೆಕ್‌ನ ಆವೃತ್ತಿಗಳ ಸಂಖ್ಯೆಯು ಪ್ರತಿ ಪರಿಷ್ಕರಣದಲ್ಲಿಯೂ ‘ಪೈ’ಯ ಮೌಲ್ಯಕ್ಕೆ ಒಂದೊಂದು ಅಂಕಿಯಷ್ಟು ಹತ್ತಿರವಾಗುವಂತೆ ಅವರು ಗೊತ್ತುಮಾಡಿದ್ದಾರೆ, 2021ರಲ್ಲಿ ಅದು 3.141592653 ಆಯಿತು. ತಾವು ತೀರಿಕೊಂಡ ದಿನ ಅದನ್ನು ಪೈ ಎಂದೇ ಮಾಡಿ, ಆಗ ಉಳಿದಿರುವ ದೋಷಗಳನ್ನೆಲ್ಲ ಶಾಶ್ವತವಾಗಿ ಲಕ್ಷಣಗಳೆಂದೇ ಪರಿಗಣಿಸಬೇಕೆಂದು ಅವರು ತಿಳಿಸಿದ್ದಾರೆ. ಬ್ರಿಟನ್ನಿನ ಟೋನಿ ಹೋರ್ ಅವರು 1965ರಲ್ಲಿ ಭಾಷೆಯೊಂದನ್ನು ರೂಪಿಸುವಾಗ ಸುಲಭವೆಂದು ಸೇರಿಸಿದ ‘ನಲ್’ ಎಂಬ ಅಂಶವು ಅಸಂಖ್ಯಾತ ಪ್ರೋಗ್ರಾಮುಗಳನ್ನು ಕೆಡವಿದ್ದನ್ನು ನೆನೆದು, 2009ರಲ್ಲಿ ಲಂಡನ್ನಿನ ಸಭೆಯೊಂದರಲ್ಲಿ ಅದು ತಾವು ಮಾಡಿದ ನೂರು ಕೋಟಿ ಡಾಲರಿನ ತಪ್ಪೆಂದು ಹೇಳಿದರು. ಈ ವಿದ್ಯೆಯ ಅಗ್ರಗಣ್ಯರು ತಮ್ಮ ತಪ್ಪುಗಳನ್ನು ಇಷ್ಟು ನಿಸ್ಸಂಕೋಚವಾಗಿ, ಇಷ್ಟು ಪ್ರಸನ್ನತೆಯಿಂದ ಬಯಲಿಗಿಟ್ಟಿರುವಾಗ ನಮ್ಮ ವಿದ್ಯಾರ್ಥಿಯು ಮಾತ್ರ ತನ್ನ ತಪ್ಪನ್ನು ಹರಿದು ಹಾಕಿ ಬೇರೆಯವರ ರೆಕಾರ್ಡಿನಿಂದ ನಕಲು ಮಾಡಬೇಕಾಗಿರುವುದು ವಿದ್ಯೆಗೆ ಬಗೆದ ದ್ರೋಹ. ರೆಕಾರ್ಡಿನಲ್ಲಿ ಪ್ರತಿ ಪ್ರಯೋಗಕ್ಕೂ ತಪ್ಪಿನ ಪುಟವೊಂದು ಇರಲಿ, ಅದಕ್ಕೂ ಅಂಕವಿರಲಿ. ಇದಕ್ಕೆ ಹಣ ಬೇಕಿಲ್ಲ, ಆಯೋಗ ಬೇಕಿಲ್ಲ. ಅಧ್ಯಾಪಕರು ಮನಸ್ಸು ಮಾಡಿದರೆ ಸಾಕು.

ಈ ನಗೆ ಇಲ್ಲದ ಸ್ಥಳದಲ್ಲಿ ಏನಾಗುತ್ತದೆಂಬುದನ್ನು ಇಂಗ್ಲೆಂಡು ನೋಡಿತು. ಅಲ್ಲಿನ ಅಂಚೆ ಸಂಸ್ಥೆಯು 1999ರಿಂದ ಹೊರೈಜನ್ ಎಂಬ ಲೆಕ್ಕದ ಸಾಫ್ಟ್‌ವೇರನ್ನು ತನ್ನ ಶಾಖೆಗಳಲ್ಲಿ ಜಾರಿಗೆ ತಂದಿತು. ಶಾಖೆ ನಡೆಸುವ ಸಣ್ಣ ಗುತ್ತಿಗೆದಾರರ ಲೆಕ್ಕದಲ್ಲಿ ಇಲ್ಲದ ಕೊರತೆಗಳು ಕಾಣಿಸಿಕೊಳ್ಳತೊಡಗಿದವು. ಅವರು ಸಹಾಯವಾಣಿಗೆ ದೂರು ಹೇಳಿದರು. ಇಂಥ ತೊಂದರೆ ನಿಮಗೊಬ್ಬರಿಗೇ ಬಂದಿದೆ ಎಂಬ ಉತ್ತರ ಅನೇಕರಿಗೆ ಸಿಕ್ಕಿತು. ಕೊರತೆಯನ್ನು ಕೈಯಿಂದ ತುಂಬಿಕೊಟ್ಟವರು, ಮನೆ ಮಾರಿದವರು, ಊರಿನಲ್ಲಿ ಕಳ್ಳರೆನಿಸಿಕೊಂಡವರು ಬಹಳ ಮಂದಿ. ಹೊರೈಜನ್ನಿನ ಲೆಕ್ಕವನ್ನು ಆಧಾರವಾಗಿಟ್ಟುಕೊಂಡು ಒಂಬೈನೂರಕ್ಕೂ ಹೆಚ್ಚು ಜನರ ಮೇಲೆ ಅಪರಾಧ ಸ್ಥಾಪಿತವಾಯಿತು. ಜೈಲಿಗೆ ಹೋದವರಲ್ಲಿ ಭಾರತೀಯ ಮೂಲದ ಒಬ್ಬ ಗರ್ಭಿಣಿಯೂ ಇದ್ದಳು. ಕೆಲವರು ಆತ್ಮಹತ್ಯೆ ಮಾಡಿಕೊಂಡರು. ಸಾಫ್ಟ್‌ವೇರಿನಲ್ಲಿ ದೋಷಗಳಿದ್ದದ್ದೂ, ಶಾಖೆಯವರಿಗೆ ತಿಳಿಯದಂತೆ ದೂರದಿಂದ ಲೆಕ್ಕವನ್ನು ಬದಲಿಸಲು ಸಾಧ್ಯವಿದ್ದದ್ದೂ ಬಯಲಾಗಿ, ಲಂಡನ್ನಿನ ಉಚ್ಚ ನ್ಯಾಯಾಲಯವು 2019ರಲ್ಲಿ ಶಾಖೆಯವರ ಪಕ್ಷವನ್ನು ಎತ್ತಿಹಿಡಿಯಿತು. 2024ರ ಮೇ ತಿಂಗಳಿನಲ್ಲಿ ಪಾರ್ಲಿಮೆಂಟು ವಿಶೇಷ ಕಾಯಿದೆಯನ್ನೇ ಮಾಡಿ ಆ ಶಿಕ್ಷೆಗಳನ್ನು ಒಟ್ಟಾಗಿ ರದ್ದುಗೊಳಿಸಬೇಕಾಯಿತು. ಹೊರೈಜನ್ನಿನ ದೋಷಗಳು ಅದನ್ನು ಬರೆದ ಕಂಪನಿಯೊಳಗೆ ಕೆಲವರಿಗೆ ಗೊತ್ತಿದ್ದವು. ಒಂದೆರಡಕ್ಕೆ ಅವು ಕಂಡುಬಂದ ಶಾಖೆಗಳ ಹೆಸರನ್ನೇ ಇಟ್ಟಿದ್ದರು. ಗೊತ್ತಿದ್ದ ಆ ಮಾತು ನ್ಯಾಯಾಧೀಶರ ಕಿವಿಗೆ ಕಾಲದಲ್ಲಿ ತಲುಪಲಿಲ್ಲ.

ತಲುಪದಿರುವುದಕ್ಕೆ ಕಾನೂನೂ ನೆರವಾಯಿತು. ಗಣಕಯಂತ್ರದ ದಾಖಲೆಯನ್ನು ಸಾಕ್ಷ್ಯವಾಗಿ ಒಪ್ಪಿಸುವವರು ಯಂತ್ರವು ಸರಿಯಾಗಿ ನಡೆಯುತ್ತಿತ್ತೆಂಬುದನ್ನು ತೋರಿಸಿಕೊಡಬೇಕೆಂಬ ವಿಧಿ 1984ರ ಇಂಗ್ಲಿಷ್ ಕಾಯಿದೆಯಲ್ಲಿತ್ತು. 1999ರ ಇನ್ನೊಂದು ಕಾಯಿದೆ ಅದನ್ನು ತೆಗೆದುಹಾಕಿತು. ಅಲ್ಲಿಂದ ಮುಂದೆ ಯಂತ್ರವು ಸರಿಯೆಂದೇ ಭಾವಿಸುವುದು ನ್ಯಾಯಾಲಯಗಳ ರೂಢಿಯಾಗಿ, ತಪ್ಪೆಂದು ಸಂಶಯ ಹುಟ್ಟಿಸಬೇಕಾದ ಭಾರವು ಯಂತ್ರದ ಒಳಗನ್ನು ಎಂದೂ ನೋಡದ ಆರೋಪಿಯ ಮೇಲೆ ಬಿತ್ತು. ನಮ್ಮ ದೇಶದ ವಿಧಿ ಇನ್ನೂ ಭಿನ್ನವಾಗಿದೆ. ಹಳೆಯ ಸಾಕ್ಷ್ಯ ಅಧಿನಿಯಮದ 65ಬಿ ಪ್ರಕರಣದಲ್ಲಿದ್ದ ಪ್ರಮಾಣಪತ್ರದ ನಿಬಂಧನೆಯು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಪ್ರಕರಣದಲ್ಲಿಯೂ ಮುಂದುವರಿದಿದೆ. ಯಂತ್ರವು ಸರಿಯಾಗಿ ಕೆಲಸ ಮಾಡುತ್ತಿತ್ತೆಂದು ಒಬ್ಬರು ಸಹಿ ಹಾಕಬೇಕು, ತಜ್ಞರೊಬ್ಬರೂ ಸಹಿ ಹಾಕಬೇಕು. ಈ ಸಹಿಯನ್ನು ನಮೂನೆ ತುಂಬುವ ಶಾಸ್ತ್ರವೆಂದು ಮುಗಿಸಿಬಿಟ್ಟರೆ ಇಂಗ್ಲೆಂಡಿನ ಗತಿಯೇ ನಮಗೂ ಬರುತ್ತದೆ. ಸಹಿ ಹಾಕುವವರು ಆ ಸಾಫ್ಟ್‌ವೇರಿನ ದೋಷಗಳ ಪಟ್ಟಿಯನ್ನು ತರಿಸಿ ಓದಬೇಕು. ಕೇಳುವ ನ್ಯಾಯಾಧೀಶರು ಆ ಪಟ್ಟಿ ಎಲ್ಲಿ ಎಂದು ಕೇಳಬೇಕು. ದೋಷಗಳ ಪಟ್ಟಿಯಿಲ್ಲದ ಸಾಫ್ಟ್‌ವೇರ್ ಇದೆಯೆಂದು ಯಾರಾದರೂ ಹೇಳಿದರೆ ನಂಬಕೂಡದೆಂಬುದನ್ನು ಈ ಕಸುಬಿನ ಯಾವ ಹುಡುಗನಾದರೂ ನಗುತ್ತ ಹೇಳಿಯಾನು.

ನ್ಯಾಯಾಲಯದವರೆಗೆ ಹೋಗುವ ಸಂದರ್ಭ ಎಲ್ಲರಿಗೂ ಬರುವುದಿಲ್ಲ. ಕೌಂಟರಿನ ಮುಂದೆ ನಿಲ್ಲುವ ಸಂದರ್ಭ ಎಲ್ಲರಿಗೂ ಬರುತ್ತದೆ. ‘ಭೂಮಿ’ ಯೋಜನೆಯಲ್ಲಿ ನಮ್ಮ ಪಹಣಿಗಳು ಗಣಕಯಂತ್ರವನ್ನು ಸೇರಿ ಎರಡು ದಶಕಗಳ ಮೇಲಾಯಿತು; ಅದರಿಂದ ರೈತರಿಗೆ ಆದ ಅನುಕೂಲ ದೊಡ್ಡದು. ಆದರೂ ಹೆಸರಿನ ಒಂದಕ್ಷರವೋ ವಿಸ್ತೀರ್ಣದ ಒಂದು ಅಂಕಿಯೋ ತಪ್ಪಿ, ಪಹಣಿ ತಿದ್ದುಪಡಿಗೆಂದು ತಾಲ್ಲೂಕು ಕಚೇರಿಗೆ ಅಲೆಯುವ ಮುದುಕರು ಇಂದಿಗೂ ಇದ್ದಾರೆ. ನಾಡಕಚೇರಿಯಲ್ಲಿಯೋ ಪಡಿತರದ ಅಂಗಡಿಯಲ್ಲಿಯೋ ಬ್ಯಾಂಕಿನಲ್ಲಿಯೋ ‘ಸಿಸ್ಟಮ್‌ನಲ್ಲಿ ಹಾಗೇ ಬಂದಿದೆ, ನಾವೇನು ಮಾಡೋದು’ ಎಂಬ ಉತ್ತರ ಸಿಕ್ಕಿದರೆ ಅಲ್ಲಿಗೆ ಮಾತು ಮುಗಿಯಿತೆಂದು ಹಿಂತಿರುಗಬೇಡಿ. ಯಾವ ದಿನ, ಎಷ್ಟು ಹೊತ್ತಿಗೆ, ಪರದೆಯ ಮೇಲೆ ಏನು ಕಂಡಿತೆಂಬುದನ್ನು ಒಂದು ಕಾಗದದಲ್ಲಿ ಬರೆದು ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬನ್ನಿ. ಆ ಕಾಗದವನ್ನು ಸಾಫ್ಟ್‌ವೇರ್ ಬರೆದವರ ಕೈಗೆ ಮುಟ್ಟಿಸುವುದು ಕಚೇರಿಯವರ ಕರ್ತವ್ಯ. ಮುಟ್ಟಿದರೆ ಅವರು ಅದನ್ನು ಓದುತ್ತಾರೆ, ಏತಕ್ಕೆಂದರೆ ಯಂತ್ರವು ತಪ್ಪಬಲ್ಲದೆಂಬುದರಲ್ಲಿ ಅವರಿಗೆ ಯಾವ ಸಂಶಯವೂ ಇಲ್ಲ.